ಮಲ್ಲಿಗೆಯೂ ಕಿಪ್ಸ್ ಅಪರೇಟಸ್ಸೂ

ತುಮಕೂರಿನ ನಮ್ಮ ಮಹಿಳಾ ಕಾಲೇಜಿನ ಬಿಎಸ್ಸಿಯಲ್ಲಿ ಇದ್ದದ್ದು ಎರಡೇ ಪಂಗಡ: ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ). ಬುದ್ಧಿ ಇರುವುದು ತಮಗೇ ಎಂದು ಪಿಸಿಎಂನವರ ನಂಬಿಕೆ. ಕಷ್ಟಪಡುವುದು ತಾವೇ ಎಂದು ಸಿಬಿಜೆಡ್‌ನವರ ನಂಬಿಕೆ. ಅವರ ಬ್ಯಾಗಿನಲ್ಲಿ ಡಿಸೆಕ್ಷನ್ ಬಾಕ್ಸು, ಬ್ಲೇಡು, ಸೆಕ್ಷನ್ ಕತ್ತರಿಸುವುದಕ್ಕೊಂದು ಆಲೂಗಡ್ಡೆ. ಪಿಸಿಎಂನ ನಮ್ಮ ಬ್ಯಾಗಿನಲ್ಲಿ ಲೆಕ್ಕಕ್ಕೆ ಕ್ಲಾರ್ಕ್ಸ್ ಟೇಬಲ್ಸು. ಎರಡೂ ಪಂಗಡಗಳು ಒಟ್ಟಾಗಿ ನಡುಗುತ್ತಿದ್ದದ್ದು ಕೆಮಿಸ್ಟ್ರಿಯ ಮುಂದೆ ಮಾತ್ರ.

ನಾನು ಗುಬ್ಬಿಯವಳು. ಸುಮಾರು 20 ಕಿ.ಮೀ. ದಾರಿ, ಬೆಳಗಿನ ಪ್ಯಾಸೆಂಜರ್ ರೈಲು. ಕುಣಿಗಲ್ ಕಡೆಯವರು ಬಸ್ಸಿನಲ್ಲಿ ಬರುತ್ತಿದ್ದರು. ಗುಬ್ಬಿ ಎಂದರೆ ಎಲ್ಲರೂ ವೀರಣ್ಣನವರ ನಾಟಕ ಕಂಪನಿ ನೆನೆಯುವರು, ಕುಣಿಗಲ್ ಎಂದರೆ ಕುದುರೆ ಫಾರಂ. ಒಬ್ಬಳು ನಾಟಕದವಳು, ಒಬ್ಬಳು ಕುದುರೆಯವಳು ಎಂದು ಕರೆಸಿಕೊಂಡೇ ನಾನೂ ಕುಣಿಗಲ್ಲಿನ ಗೆಳತಿಯೂ ಒಂದು ಬೆಂಚು ಹಂಚಿಕೊಂಡೆವು. ಆಗ ತುಮಕೂರಿಗೆ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ. ಅದು ಬಂದದ್ದು 2004ರಲ್ಲಿ. ನಮ್ಮ ಹಾಲ್ ಟಿಕೆಟ್ಟು ಬೆಂಗಳೂರಿನಿಂದ ಬರುತ್ತಿತ್ತು, ಪ್ರಾಕ್ಟಿಕಲ್ ಪರೀಕ್ಷೆಗೆ ಎಕ್ಸ್‌ಟರ್ನಲ್ಲೂ ಹೊರಗಿನಿಂದಲೇ ಬರುತ್ತಿದ್ದರು. ಅವರು ನಕ್ಕರೆ ಪಾಸು, ರೆಕಾರ್ಡು ಮಗುಚಿ ಸುಮ್ಮನಾದರೆ ದೇವರೇ ಗತಿ.

ಪಿಯುಸಿಯಲ್ಲಿ ನಾನು ಓದಿದ್ದು ಹುಡುಗರೂ ಇದ್ದ ಕಡೆ. ಅಲ್ಲಿ ಬ್ಯುರೆಟ್ ಹಿಡಿಯುವವರು ಅವರು, ರೀಡಿಂಗ್ ಬರೆದುಕೊಳ್ಳುವವರು ನಾವು. ಇದನ್ನು ಯಾರೂ ಕಾನೂನು ಮಾಡಿರಲಿಲ್ಲ, ಹೇಗೋ ಹಾಗೇ ನಡೆಯುತ್ತಿತ್ತು. ಎರಡು ವರ್ಷದ ವಿಜ್ಞಾನದಲ್ಲಿ ನನಗೆ ಸಿಕ್ಕ ದೊಡ್ಡ ಹೊಗಳಿಕೆ 'ಅಕ್ಷರ ಚೆನ್ನಾಗಿದೆ' ಎಂಬುದು. ಮಹಿಳಾ ಕಾಲೇಜಿಗೆ ಬಂದ ಮೇಲೆ ಆ ಸೌಕರ್ಯ ತಪ್ಪಿತು. ಬರ್ನರ್ ಹಚ್ಚಬೇಕೆಂದರೆ ನಾವೇ ಹಚ್ಚಬೇಕು, ಕ್ಲ್ಯಾಂಪ್ ಬಿಗಿಯಬೇಕೆಂದರೆ ನಾವೇ ಬಿಗಿಯಬೇಕು. ಫಿಸಿಕ್ಸಿನ ಡಾರ್ಕ್ ರೂಮಿನಲ್ಲಿ ಫ್ಯೂಸು ಹೋದಾಗ ಅಟೆಂಡರ್ ಅಣ್ಣ ಬಾಗಿಲಲ್ಲೇ ನಿಂತು, 'ವೈರ್ ಅಲ್ಲೇ ಐತೆ, ಮೇನ್ ಆಫ್ ಮಾಡ್ಕಂಡು ಹಾಕ್ಕಳಿ ಕಣ್ರಮ್ಮ' ಅಂದುಬಿಟ್ಟರು. ಹಾಕಿದೆವು. ದೀಪ ಹತ್ತಿತು. ಸೋಡಿಯಂ ದೀಪದ ಆ ಹಳದಿ ಬೆಳಕಿನಲ್ಲಿ ಕೆಂಪು ಬಳೆ, ಹಸಿರು ಬಳೆ ಎಲ್ಲವೂ ಒಂದೇ ಮಾಸಲು ಬಣ್ಣಕ್ಕೆ ತಿರುಗುತ್ತಿದ್ದವು. ನ್ಯೂಟನ್ನನ ಉಂಗುರಗಳನ್ನು ಎಣಿಸುವುದು ಬಿಟ್ಟು ನಾವು ಬಳೆ ನೋಡುತ್ತ ಕೂತದ್ದೂ ಉಂಟು.

ಕೆಮಿಸ್ಟ್ರಿ ಲ್ಯಾಬಿನ ಸುಖ ಬೇರೆ ತರಹದ್ದು. ಪೊಟ್ಟಣದಲ್ಲಿ ಕೊಟ್ಟ ಬಿಳಿ ಪುಡಿ ಯಾವ ಲವಣ ಎಂದು ಪತ್ತೆ ಮಾಡುವುದರಲ್ಲಿ ಪತ್ತೇದಾರಿ ಕಾದಂಬರಿಯ ಮಜವಿತ್ತು. ನೈಟ್ರೇಟ್ ಇದ್ದರೆ ಪ್ರನಾಳದ ಗೋಡೆಗುಂಟ ಆಸಿಡ್ ಮೆಲ್ಲಗೆ ಇಳಿಸಿದಾಗ ಎರಡು ದ್ರವ ಕೂಡುವಲ್ಲಿ ಕಂದು ಉಂಗುರ ಮೂಡುತ್ತದೆ. ಕೈ ಒಂಚೂರು ಅಲುಗಿದರೆ ಉಂಗುರ ಮಾಯ. ಕಿಪ್ಸ್ ಅಪರೇಟಸ್ಸಿನಿಂದ ಬರುವ ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ನಾತ. ತಲೆತುಂಬ ಮಲ್ಲಿಗೆ ಮುಡಿದು ಹೋದವಳು ಸಂಜೆ ಬರುವಾಗ ಯಾವುದರ ವಾಸನೆ ಹೊತ್ತಿದ್ದಾಳೆಂದು ಹೇಳುವುದು ಕಷ್ಟವಾಗುತ್ತಿತ್ತು. ಲಾಭವೂ ಇತ್ತು: ಸಾಲ್ಟ್ ಅನಾಲಿಸಿಸ್ ಇದ್ದ ದಿನ ರೈಲಿನಲ್ಲಿ ನಮಗೆ ಕೂರಲು ಧಾರಾಳ ಜಾಗ.

ಕೆಲವು ಪ್ರಯೋಗಗಳು ಮನೆಯಲ್ಲೇ ಕಂಡವು. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಗೆ ಕೆಂಪು ಮಾಡುವುದನ್ನು ಯಾವ ಹುಡುಗಿ ನೋಡಿಲ್ಲ? ಅರಿಶಿನ ಕ್ಷಾರ ತೋರಿಸುವ ಸೂಚಕ ಎಂದು ಮೇಡಂ ಹೇಳಿದಾಗ ಇಡೀ ಕ್ಲಾಸು 'ಓ, ಆರತಿ!' ಅಂದಿತು. ದಾಸವಾಳದ ರಸ ಆಸಿಡ್ಡಿಗೆ ಕಡುಗುಲಾಬಿ, ಕ್ಷಾರಕ್ಕೆ ಹಸಿರು. ನೀರಿನ ಗಡಸುತನ ಅಳೆಯುವ ಇಡಿಟಿಎ ಪ್ರಯೋಗದಲ್ಲಿ ಮಾತ್ರ ತೊಡಕಾಯಿತು. ದ್ರಾವಣ 'ವೈನ್ ರೆಡ್'ನಿಂದ ನೀಲಿಗೆ ತಿರುಗಬೇಕು ಎಂದು ಮ್ಯಾನ್ಯುಯಲ್ಲಿನಲ್ಲಿತ್ತು. ವೈನನ್ನು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಬೀಟ್‌ರೂಟ್ ಬೇಯಿಸಿದ ನೀರಿನ ಹಾಗೆ ಎಂದು ನಾವೇ ತೀರ್ಮಾನಿಸಿಕೊಂಡೆವು. ಫಲಿತಾಂಶಕ್ಕೇನೂ ಕುಂದು ಬರಲಿಲ್ಲ.

ಅದೇ ಪ್ರಯೋಗಕ್ಕೆ ಅವರವರ ಊರ ನೀರು ತನ್ನಿ ಎಂದಿದ್ದರು. ನಾನು ಮನೆಯ ಬೋರ್‌ವೆಲ್ ನೀರು ಒಯ್ದೆ, ಗೆಳತಿ ಕುಣಿಗಲ್ ಕೆರೆಯದು ತಂದಳು. ಕೆರೆಯ ನೀರು ಬೇಗ ನೀಲಿಯಾಯಿತು. ನನ್ನದಕ್ಕೆ ಇಡಿಟಿಎ ಇಳಿಯುತ್ತಲೇ ಇತ್ತು, ಬಣ್ಣ ಜಗ್ಗಲಿಲ್ಲ; ಅಷ್ಟು ಗಡಸು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನದಂಡ. ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ, ಹಂಡೆಯೊಳಗೆ ಬಿಳಿ ಹೆಕ್ಕಳೆ ಕಟ್ಟುತ್ತದೆ ಎಂದು ಅಮ್ಮ ವರ್ಷಗಟ್ಟಲೆ ಗೊಣಗಿದ್ದಳು. ಆ ಗೊಣಗಿಗೆ ಒಂದು ಅಂಕಿ ಸಿಕ್ಕಿತು. ಸಂಜೆ ಹೇಳಿದಾಗ, 'ನಾನು ಹೇಳ್ತಿರ್ಲಿಲ್ವಾ?' ಅಂದಳು. ಅವಳ ಅನುಭವವನ್ನು ನನ್ನ ಬ್ಯುರೆಟ್ಟು ದೃಢಪಡಿಸಿತ್ತು, ಅಷ್ಟೆ.

ಸಿಬಿಜೆಡ್‌ನವರು ಗಿಡ ಹುಡುಕಲು ದೇವರಾಯನದುರ್ಗಕ್ಕೆ ಹೊರಟರೆ ನಾವೂ ಅಂಟಿಕೊಳ್ಳುತ್ತಿದ್ದೆವು. ಅವರು ಎಲೆಗಳನ್ನು ಹಳೇ ಪೇಪರಿನ ನಡುವೆ ಒತ್ತುವರು, ನಾವು ಪುಳಿಯೋಗರೆ ಬುತ್ತಿ ಕಾಯುವೆವು. ಆ ಒಂದೇ ಬೆಟ್ಟದ ಸಾಲಿನಲ್ಲಿ ಹುಟ್ಟಿದ ಶಿಂಷಾ ತೆಂಕಲಿಗೆ ಹರಿದು ಕಾವೇರಿ ಸೇರಿದರೆ, ಜಯಮಂಗಲಿ ಬಡಗಲಿಗೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ಶಿಂಷೆಗೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಕಟ್ಟೆ. ಅಲ್ಲಿನ ಸೈಫನ್ ವಿಶೇಷ: ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಿಲ್ಲ, ತಾನಾಗಿ ಹೊರಬೀಳುತ್ತದೆ. ಬೋರ್ಡಿನ ಮೇಲೆ ಬಾಗಿದ ಕೊಳವೆಯಾಗಿದ್ದ ಸೈಫನ್ನು ಕುಣಿಗಲ್ ಗೆಳತಿಗೆ ಊರ ಕಡೆಯ ಸುದ್ದಿ. ಸೈಫನ್ ಪಾಠದ ದಿನ ಕ್ಲಾಸಿನಲ್ಲಿ ಎದ್ದುನಿಂತು ಪಾಠ ಮಾಡಿದವಳು ಅವಳೇ.

ಲ್ಯಾಬಿನ ಬಾಗಿಲು ಹೆಣ್ಣುಮಕ್ಕಳಿಗೆ ಎಂದೂ ಇಷ್ಟು ಸಲೀಸಾಗಿ ತೆರೆದಿರಲಿಲ್ಲ. ತುಮಕೂರಿನಿಂದ 70 ಕಿ.ಮೀ. ಆಚೆ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆ) 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಸಂಶೋಧನೆಗೆ ಬಂದಾಗ ಸಿ.ವಿ. ರಾಮನ್ ಅವರಂಥವರೇ ಮೊದಲು ಒಪ್ಪಲಿಲ್ಲ. ಆಕೆ ಪಟ್ಟು ಬಿಡದಿದ್ದಾಗ ಒಂದು ವರ್ಷ ನೋಡೋಣ ಎಂದು ಷರತ್ತುಗಳೊಡನೆ ಸೇರಿಸಿಕೊಂಡರು. ಹೆಂಗಸರು ಹತ್ತಿರವಿದ್ದರೆ ಗಂಡಸರ ಗಮನ ಕೆಡುತ್ತದೆಂಬ ಆತಂಕ ಆ ಷರತ್ತುಗಳಲ್ಲಿ ಇತ್ತಂತೆ. ಆಕೆ ಮುಂದೆ ಕೇಂಬ್ರಿಜ್ಜಿನಲ್ಲಿ ಡಾಕ್ಟರೇಟ್ ಪಡೆದ ಕಮಲಾ ಸೊಹೊನಿ. ನಮ್ಮ ಕಾಲೇಜಿನಲ್ಲಿ ಕೆಡಿಸಲು ಯಾರ ಗಮನವೂ ಇರಲಿಲ್ಲ. ಇದ್ದ ಗಮನವೆಲ್ಲ ಕಂದು ಉಂಗುರದ ಮೇಲಿತ್ತು.

ನಮ್ಮ ಬ್ಯಾಚಿನಿಂದ ವಿಜ್ಞಾನಿಗಳು ಹೊರಡಲಿಲ್ಲ. ಹೈಸ್ಕೂಲು ಮೇಡಂಗಳು ಹಲವರು, ಔಷಧ ಕಂಪನಿಯ ಲ್ಯಾಬಿಗೆ ಹೋದವರು ಕೆಲವರು, ಮನೆ ನಡೆಸುವವರು ಉಳಿದವರು. ಇಂಜಿನಿಯರಿಂಗ್ ಸೀಟು ಸಿಗದವರ ಓದು ಎಂದು ಬಿಎಸ್ಸಿಯನ್ನು ಈಗಲೂ ಮೂಗು ಮುರಿದು ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೈ ಅಳುಕದೆ ಫ್ಯೂಸು ಹಾಕುವುದನ್ನೂ, ಅಳೆದು ನೋಡದೆ ಯಾವುದನ್ನೂ ನಂಬದಿರುವುದನ್ನೂ ಕಲಿಸಿದ ಓದು ಕಡಿಮೆಯದಲ್ಲ. ನಿಮ್ಮ ಮನೆಯಲ್ಲಿ ಬಿಎಸ್ಸಿ ಓದುವ ಮಗಳಿದ್ದರೆ ಮುಂದೇನು, ಮದುವೆ ಯಾವಾಗ ಎಂದು ಕೇಳುವ ಬದಲು ಇವತ್ತು ಪ್ರಾಕ್ಟಿಕಲ್ ಏನಿತ್ತು ಎಂದು ಕೇಳಿ. ಉತ್ತರ ಉದ್ದವಾಗಿರುತ್ತದೆ, ಕಾಫಿ ಹಿಡಿದುಕೊಂಡೇ ಕೂತುಕೊಳ್ಳಿ.