ಮೂರು ಬಂದರು, ನಾಲ್ಕು ಘಟ್ಟ, ಒಂದು ಸೈಕಲ್

ಬೆಳಗಿನ ಐದೂವರೆ. ನವೆಂಬರ್ ತಿಂಗಳು. ಹೊನ್ನಾವರದಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ಪೂರ್ವಕ್ಕೆ, ಜೋಗದ ಕಡೆಗೆ ಹ್ಯಾಂಡಲ್ ತಿರುಗಿಸಿ. ಬಂದರಿನ ಉಪ್ಪುಗಾಳಿ ಇನ್ನೂ ಬೆನ್ನಿಗಿದೆ. ಬಲಕ್ಕೆ ಶರಾವತಿ, ಮಂಜು ಹೊದ್ದು ಮಲಗಿದೆ. ಬಾಟಲಿ ತುಂಬಿದೆಯೇ, ಟೈರಿನ ಗಾಳಿ ಸರಿಯಿದೆಯೇ, ಹಿಂಬದಿಯ ಕೆಂಪು ದೀಪ ಮಿನುಗುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಇನ್ನು ಸುಮಾರು ಮೂವತ್ತು ಕಿಲೋಮೀಟರ್ ಕಾಲಿಗೆ ದೊಡ್ಡ ಕೆಲಸವಿಲ್ಲ.

ಕವಲಕ್ಕಿ, ಉಪ್ಪೋಣಿ ಒಂದೊಂದಾಗಿ ಹಿಂದಾಗುತ್ತವೆ. ತೆಂಗು ಕಡಿಮೆಯಾಗುತ್ತ ಅಡಿಕೆ ಹೆಚ್ಚಾಗುತ್ತದೆ, ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಆ ಬಳ್ಳಿಯನ್ನು ಗಮನಿಸಿ. ಈ ರಸ್ತೆಯ ಚರಿತ್ರೆ ಅದಕ್ಕೇ ಸುತ್ತಿಕೊಂಡಿದೆ. ಗೇರುಸೊಪ್ಪೆಯಲ್ಲಿ ನದಿ ದಾಟಿ ನಗರಬಸ್ತಿಕೇರಿಗೆ ಹೋದರೆ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವೆ ನಾಲ್ಕು ಮುಖಗಳಿಗೂ ಜಿನಬಿಂಬ. ಸೈಕಲ್ಲನ್ನು ಹೊರಗೆ ನಿಲ್ಲಿಸಿ ಒಳಗೆ ಕಾಲಿಟ್ಟರೆ ಕಲ್ಲಿನ ತಂಪು ಅಂಗಾಲಿನಿಂದ ಏರುತ್ತದೆ. 1552ರಿಂದ 1606ರವರೆಗೆ ಆಳಿದ ರಾಣಿ ಚೆನ್ನಭೈರಾದೇವಿಯ ರಾಜಧಾನಿ ಇದು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ಘಟ್ಟದ ಮೆಣಸು ಈ ಕಣಿವೆಯಲ್ಲಿಳಿದು, ನದಿಯ ದೋಣಿಗಳಲ್ಲಿ ಹೊನ್ನಾವರ ಸೇರಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಮೆಣಸು ಇಳಿದು ಬಂದ ಕಣಿವೆಯನ್ನು ನೀವೀಗ ಹತ್ತಬೇಕು.

ಗೇರುಸೊಪ್ಪೆ ದಾಟಿದ ಮೇಲೆ ರಸ್ತೆ ತಲೆ ಎತ್ತುತ್ತದೆ. ಇನ್ನು ಮಲೆಮನೆ ಘಟ್ಟ. ಚೈನನ್ನು ಸಣ್ಣ ಗೇರಿಗೆ ಇಳಿಸಿ, ಭುಜ ಸಡಿಲ ಬಿಡಿ, ಮೂಗಿನಲ್ಲಿ ಉಸಿರಾಡುತ್ತಲೇ ತುಳಿಯಿರಿ. ಬಾಯಿ ತೆರೆದು ಏದುಸಿರು ಬಿಡುವ ಹಾಗಾದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಬಹಳ ಕಡೆ ಏರು ಹದವಾಗಿದೆ, ಅವಸರ ಮಾಡದವನನ್ನು ಈ ಘಟ್ಟ ಸೋಲಿಸುವುದಿಲ್ಲ. ಹಿಮ್ಮುರಿ ತಿರುವುಗಳಲ್ಲಿ ಒಳಅಂಚು ಕಡಿದಾಗಿರುತ್ತದೆ. ಹಿಂದೆ ಲಾರಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ತುಸು ಹೊರಗಿನಿಂದ ತಿರುಗಿದರೆ ತೊಡೆಗೆ ನಿರಾಳ.

ಬಸ್ಸಿನ ಕಿಟಕಿಯಿಂದ ಕಾಣದ್ದು ಈ ವೇಗದಲ್ಲಿ ಕಾಣತೊಡಗುತ್ತದೆ. ಕಲ್ಲಿನ ಸಂದಿಯಿಂದ ಒಸರುವ ನೀರು, ಅದರ ಪಾಚಿಗೆ ಅಂಟಿಕೊಂಡ ಪುಟ್ಟ ಜರಿಗಿಡ. ಮೇಲೆ ಮಂಗಟ್ಟೆ ಹಾರಿದರೆ ಹಕ್ಕಿಗಿಂತ ಮೊದಲು ರೆಕ್ಕೆಯ ಬುಸುಗುಡುವ ಸದ್ದು ಕೇಳುತ್ತದೆ. ಅದೃಷ್ಟವಿದ್ದರೆ ಕೊಂಬೆಯ ಮೇಲೆ ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲದ ಸಿಂಗಳೀಕ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಅದಕ್ಕೆ ಬೇರೆ ಕಾಡಿಲ್ಲ. 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಘೋಷಣೆಯಾದದ್ದು ಇದಕ್ಕಾಗಿಯೇ. ಬಾಳೆಹಣ್ಣು ತೋರಿಸಬೇಡಿ. ರಸ್ತೆಗಿಳಿದು ಬೇಡಲು ಕಲಿತ ಸಿಂಗಳೀಕ ಚಕ್ರದಡಿ ಸಾಯುತ್ತದೆ.

ಘಟ್ಟದ ನಡುವೆ ಮರಗಳು ಸರಿದು ಕಣಿವೆ ತೆರೆದುಕೊಳ್ಳುತ್ತದೆ. ಕಾಲು ನೆಲಕ್ಕೂರಿ ನೋಡಿ. ಬೆಟ್ಟದ ಹಿಂದೆ ಬೆಟ್ಟ, ನಡುವೆ ಗೇರುಸೊಪ್ಪೆ ಅಣೆಕಟ್ಟಿನ ಹಸಿರು ಹಿನ್ನೀರು. ಲಿಂಗನಮಕ್ಕಿಯಲ್ಲಿ 1964ರಿಂದ ನಿಂತ ನೀರು ಮೇಲಿನ ವಿದ್ಯುದಾಗಾರಗಳಲ್ಲಿ ದುಡಿದು, ಇಲ್ಲಿ ಇನ್ನೊಮ್ಮೆ 240 ಮೆಗಾವ್ಯಾಟ್ ಸಾಮರ್ಥ್ಯದ ಟರ್ಬೈನುಗಳನ್ನು ತಿರುಗಿಸಿ ಸಮುದ್ರಕ್ಕೆ ಹೋಗುತ್ತದೆ. ಇದೇ ಹಿನ್ನೀರನ್ನು ತಲಕಳಲೆ ಜಲಾಶಯಕ್ಕೆ ಮೇಲೆತ್ತಿ ಮತ್ತೆ ಕೆಳಗೆ ಬಿಡುವ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕಣಿವೆಯ ಜನ ವಿರೋಧ ಒಡ್ಡಿದ್ದಾರೆ. ನಾಡಿಗಾಗಿ ಇಷ್ಟು ದುಡಿದ ನದಿಯ ಕಾಡನ್ನು ಇನ್ನಷ್ಟು ಅಗೆಯಬಾರದು ಎಂಬ ಅವರ ಮಾತು ಎಷ್ಟು ನ್ಯಾಯವೆಂದು ತಿಳಿಯಲು ಈ ತಿರುವಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು.

ಘಟ್ಟದ ಮೇಲ್ಭಾಗದಲ್ಲಿ ಕತ್ತಲೆಕಾನು. ಹಗಲು ಒಂಬತ್ತಕ್ಕೂ ಬಿಸಿಲು ಚುಕ್ಕೆಚುಕ್ಕೆಯಾಗಿ ಮಾತ್ರ ನೆಲಕ್ಕೆ ಬೀಳುತ್ತದೆ. ರಸ್ತೆಗೆ ಹತ್ತಿರದಲ್ಲೇ ರಾಂಪತ್ರೆ ಜಡ್ಡಿಗಳಿವೆ: ವರ್ಷವಿಡೀ ನೀರು ಜಿನುಗುವ ಕೆಸರು ನೆಲ, ಅದರಲ್ಲಿ ಜಾಯಿಕಾಯಿಯ ಕುಲದ ಮರಗಳು. ಉಸಿರಾಡಲು ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದಂತೆ ಬಾಗಿ, ಮತ್ತೆ ಕೆಸರಿಗಿಳಿಯುತ್ತವೆ. ಒಂದೊಂದು ಬೇರಿನ ಮೇಲೂ ತೇವದ ಗೆರೆ, ಅದರ ಮೇಲೆ ಇರುವೆಗಳ ಸಾಲು. ಬೇಸಿಗೆಯಲ್ಲೂ ಕೆಳಗಿನ ತೋಟಗಳ ಹಳ್ಳ ಹರಿಯುತ್ತಿದ್ದರೆ ಇಂಥ ಜಡ್ಡಿಗಳ ಪುಣ್ಯ. ಒಳಗೆ ಕಾಲಿಡಬೇಡಿ, ಅಂಚಿನಲ್ಲೇ ನಿಂತು ನೋಡಿ. ಕಾಲಿಗೆ ಹತ್ತಿದ ಉಂಬಳವನ್ನು ಕಿತ್ತು ಮುಂದೆ ಸಾಗಿ.

ಮಾವಿನಗುಂಡಿಯಲ್ಲಿ ನೀವು ಸಮುದ್ರದಿಂದ ಸುಮಾರು 500 ಮೀಟರ್ ಮೇಲಿದ್ದೀರಿ, ಎಲ್ಲವೂ ನಿಮ್ಮ ಕಾಲಿನ ದುಡಿಮೆ. ಪಕ್ಕದಲ್ಲೇ ಜೋಗ: ರಾಜ, ರಾಣಿ, ರೋರರ್, ರಾಕೆಟ್ 253 ಮೀಟರ್ ಧುಮುಕುತ್ತವೆ. ಇಲ್ಲಿಂದ ಸಿದ್ದಾಪುರದವರೆಗೆ ಗದ್ದೆ, ತೋಟ, ಸೊಪ್ಪಿನ ಬೆಟ್ಟಗಳ ನಡುವೆ ಸಣ್ಣ ಏರಿಳಿತ. ಅಂಗಳದಲ್ಲಿ ಅಡಿಕೆ ಸುಲಿಯುವ ಕಾಲ, ಬೇಯಿಸಿದ ಅಡಿಕೆಯ ಒಗರು ವಾಸನೆ ರಸ್ತೆಗೂ ಬರುತ್ತದೆ. ರಾತ್ರಿ ಸಿದ್ದಾಪುರದಲ್ಲಿ ಉಳಿಯಿರಿ. ಅನ್ನ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಬೆವರಿನಲ್ಲಿ ಹೋದ ಉಪ್ಪು ಹೀಗೆಯೇ ವಾಪಸಾಗಲಿ.

ಎರಡನೆಯ ದಿನ ದೊಡ್ಮನೆ ಘಟ್ಟ ಇಳಿದು ಕುಮಟಾಕ್ಕೆ. ರಸ್ತೆ ಕಿರಿದು, ಎರಡೂ ಕಡೆ ಕಾಡು, ವಾಹನ ವಿರಳ. ಇಳಿಜಾರೆಂದು ಮೈಮರೆಯುವ ಹಾಗಿಲ್ಲ. ಎರಡೂ ಬ್ರೇಕುಗಳನ್ನು ಒಂದೇ ಸಮ ಹಿಡಿದಿಟ್ಟರೆ ರಿಮ್ ಕಾಯುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಿ. ತರಗೆಲೆ ಬಿದ್ದಲ್ಲಿ, ನೀರು ಹರಿದಲ್ಲಿ ಸೈಕಲ್ ವಾಲಿಸಬೇಡಿ. ಇಳಿದಷ್ಟೂ ಗಾಳಿ ಬೆಚ್ಚಗಾಗುತ್ತದೆ, ಕಿವಿ ಕಟ್ಟಿ ಬಿಡುತ್ತದೆ, ಅಂಗಿ ಮೈಗೆ ಅಂಟುತ್ತದೆ. ಸಂತೇಗುಳಿ ಬರುವಷ್ಟರಲ್ಲಿ ಕರಾವಳಿ ಬಂತೆಂದು ಚರ್ಮಕ್ಕೇ ಗೊತ್ತಾಗಿರುತ್ತದೆ. ಬಲಗಡೆಯ ಬೆಟ್ಟಗಳಾಚೆ ಅಘನಾಶಿನಿ, ಅಣೆಕಟ್ಟು ಕಾಣದೆ ಸಮುದ್ರ ಸೇರುವ ನದಿ. ಅದರ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೆ ಬಗ್ಗದ ಕಗ್ಗ ಭತ್ತ ಬೆಳೆಯುತ್ತದೆ.

ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದ್ದು ಬೇರೆ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಕುಮಟಾ ಹತ್ತಿ ಎಂಬ ಹೆಸರಿನಲ್ಲೇ ಮುಂಬಯಿ ದಾಟಿ ಹೋಗುತ್ತಿತ್ತು. 1880ರ ದಶಕದಲ್ಲಿ ಮುರ್ಮುಗೋವಾಕ್ಕೆ ರೈಲು ಹಾದಿಯಾದ ಮೇಲೆ ಹತ್ತಿ ಆ ಕಡೆ ತಿರುಗಿತು, ಬಂದರು ಬಡವಾಯಿತು. ತುಂಬಿದ ಗಾಡಿ ಎಳೆಯುವ ಎತ್ತಿಗೆ ಒಗ್ಗುವ ಏರು, ಹೊರೆ ಹೊತ್ತ ಸೈಕಲ್ಲಿಗೂ ಒಗ್ಗುತ್ತದೆ. ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿಯುವ ಘಟ್ಟವಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯಾವ ದಾರಿಗೂ ಸೈಕಲ್ ತರಬೇಡಿ.

ಕಾಲು ಪಳಗಿದವರಿಗೆ ಭಟ್ಕಳವಿದೆ. ವಿಜಯನಗರದ ಸೈನ್ಯಕ್ಕೆ ಅರಬ್ ಕುದುರೆಗಳು ಇಳಿದ ಬಂದರುಗಳಲ್ಲಿ ಅದೂ ಒಂದು. ಅಲ್ಲಿಂದ ಒಳನಾಡಿಗೆ ಹೊರಟರೆ ಹಾಡುವಳ್ಳಿ, ಹಳೆಯ ಸಂಗೀತಪುರ. 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ 'ಕರ್ಣಾಟಕ ಶಬ್ದಾನುಶಾಸನ' ಎಂಬ ವ್ಯಾಕರಣ ಬರೆದ ಭಟ್ಟಾಕಳಂಕ ಇಲ್ಲಿನ ಜೈನ ಮಠದ ಪರಂಪರೆಯವನು. ಮುಂದೆ ಕೋಗಾರ ಘಟ್ಟ. ನಾಲ್ಕರಲ್ಲಿ ಇದೇ ಒರಟು: ಕಡಿದಾದ ಏರು, ಇಕ್ಕಟ್ಟಾದ ತಿರುವು, ಅಂಗಡಿ ಇಲ್ಲದ ಉದ್ದ ಕಾಡು. ಎರಡು ಬಾಟಲಿ ನೀರು, ಒಂದು ಹೆಚ್ಚುವರಿ ಟ್ಯೂಬ್, ಜೊತೆಗೊಬ್ಬ ಗೆಳೆಯ ಇಲ್ಲದೆ ಹೋಗಬೇಡಿ.

ಮೆಣಸು, ಹತ್ತಿ, ಕುದುರೆ ಎಲ್ಲವೂ ಕಾಲಿನ ಬಲದಿಂದಲೇ ದಾಟಿದ ದಾರಿಗಳು ಇವು. ಇಂದು ಇವುಗಳ ಮೇಲೆ ನಿಧಾನವಾಗಿ ಹೋಗುವವರಿಗೆ ಒಂದು ಗೆರೆಯಷ್ಟು ಜಾಗವೂ ಇಲ್ಲ. ಫ್ರಾನ್ಸಿನ ಆಲ್ಪ್ಸ್‌ನ ಹಲವು ಏರುದಾರಿಗಳಲ್ಲಿ ಪ್ರತಿ ಕಿಲೋಮೀಟರಿಗೆ ಸೈಕಲ್ ಸವಾರರಿಗೆಂದೇ ಫಲಕಗಳಿವೆ: ತುದಿ ಎಷ್ಟು ದೂರ, ಮುಂದಿನ ಏರು ಶೇಕಡಾ ಎಷ್ಟು. ಆಲ್ಪ್ ದ್ಯುಎಜ್ ಏರಿನ 21 ತಿರುವುಗಳಿಗೂ ಸಂಖ್ಯೆ ಇದೆ, ಅದನ್ನು ಎಣಿಸಿಕೊಂಡು ಹತ್ತಲೆಂದೇ ದೂರದ ದೇಶಗಳಿಂದ ಜನ ಬರುತ್ತಾರೆ. ಮಲೆಮನೆ, ದೊಡ್ಮನೆ, ದೇವಿಮನೆ, ಕೋಗಾರ ಘಟ್ಟಗಳಲ್ಲಿ ಅಂಥ ಕಲ್ಲುಗಳನ್ನು ನಿಲ್ಲಿಸಲು ದೊಡ್ಡ ದುಡ್ಡೇನೂ ಬೇಡ. ತಿರುವಿನಲ್ಲಿ ಲಾರಿ, ಬಸ್ಸುಗಳಿಗೆ ಎಚ್ಚರಿಕೆಯ ಫಲಕ, ಕುಡಿಯುವ ನೀರಿನ ಒಂದು ನಲ್ಲಿ, ಬಿದ್ದವರಿಗೆ ಕರೆಮಾಡಲು ಒಂದು ಸಂಖ್ಯೆ, ಇಷ್ಟಾದರೆ ಆರಂಭಕ್ಕೆ ಸಾಕು. ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆ ಈ ಚಳಿಗಾಲದಲ್ಲೇ ಒಂದು ಘಟ್ಟದಿಂದ ಶುರುಮಾಡಲಿ. ನೀವು ಅಲ್ಲಿಯವರೆಗೆ ಕಾಯಬೇಡಿ. ಹೊನ್ನಾವರದಿಂದ ಹೊರಟು ಕುಮಟಾ ಸುತ್ತಿ ಮರಳಲು ಸುಮಾರು 150 ಕಿಲೋಮೀಟರ್, ಎರಡು ಹಗಲು ಸಾಕು.