ಮೈನಸ್ ಮೊದಲು, ತಾತ!

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಿಬ್ಬಂದಿ ಸಾಲ ತೆಗೆದು 1996ರಲ್ಲಿ ಕೊಂಡ ಮಾರುತಿ 800 ಕಾರು ಇವತ್ತಿಗೂ ಗೇಟಿನ ಒಳಗೆ ನಿಂತಿದೆ. ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಹೋಗಿ ನೋಂದಣಿ ಮುಂದುವರಿಸಿಕೊಂಡು ಬಂದಿದ್ದೇನೆ. "ಮಾರಿಬಿಡಿ ಅಪ್ಪ, ನಿಮ್ಮ ಕೈಲಿ ಇನ್ನು ಆಗಲ್ಲ" ಎಂದು ಮಗ ಆಗಾಗ ಹೇಳುತ್ತಾನೆ. ಕಾರಿನ ಮಾತು ಸರಿ, "ನಿಮ್ಮ ಕೈಲಿ ಆಗಲ್ಲ" ಎಂಬ ಮಾತು ಮಾತ್ರ ನನಗೆ ಚುಚ್ಚುತ್ತದೆ.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಲ್ಲೇಶ್ವರದಲ್ಲಿ ಮೊಮ್ಮಗಳ ಸಂಗೀತ ಪರೀಕ್ಷೆ. ಎಂಟೂವರೆಗೆ ಕೀಲಿ ತಿರುಗಿಸಿದರೆ ಕಾರು 'ಟಕ್ ಟಕ್' ಎಂದು ಸುಮ್ಮನಾಯಿತು. ಬಾನೆಟ್ ಎತ್ತಿ ನೋಡಿದೆ. ಬ್ಯಾಟರಿಯ ತುದಿಗಳ ಮೇಲೆ ಬಿಳಿ, ನೀಲಿ, ಹಸಿರು ಪುಡಿ ಬೂಷ್ಟಿನ ಹಾಗೆ ಕೂತಿತ್ತು. ಬ್ಯಾಟರಿಯೊಳಗಿನ ಗಂಧಕಾಮ್ಲದ ಆವಿ ಹೊರಗೆ ಬಂದು ಸೀಸ, ತಾಮ್ರಗಳನ್ನು ತಿಂದಾಗ ಹೀಗಾಗುತ್ತದೆ. ಆ ಪುಡಿ ಇದ್ದರೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಕ್ಲ್ಯಾಂಪು ಬಿಚ್ಚಿ ತಿಕ್ಕಿದರೆ ಆಯಿತು, ಹತ್ತು ನಿಮಿಷದ ಕೆಲಸ ಅಂದುಕೊಂಡೆ.

ಮೊಮ್ಮಗಳು ಪಕ್ಕಕ್ಕೆ ಬಂದು ನಿಂತಳು. ಏಳನೇ ತರಗತಿ. ಅವಳಿಗೆ ಪಾಠ ಹೇಳುವ ಅವಕಾಶವನ್ನು ನಾನು ಬಿಡುವವನಲ್ಲ. "ನೋಡು ಪುಟ್ಟಿ, ಬಿಚ್ಚುವಾಗ ಯಾವಾಗಲೂ ಮೈನಸ್ ಮೊದಲು. ಹಾಕುವಾಗ ಮೈನಸ್ ಕೊನೆಗೆ" ಎಂದೆ.

ಮೈನಸ್ ಕಡೆಯ ನಟ್ಟಿಗೆ ಹತ್ತನೇ ನಂಬರ್ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಅಲ್ಲಾಡಲಿಲ್ಲ. ತುಕ್ಕು ಹಿಡಿದಿತ್ತು. ಒಳಗಿನಿಂದ ಮಡದಿ "ರೀ, ಗಂಟೆ ಎಷ್ಟಾಯಿತು ನೋಡಿ" ಎಂದಳು. ಎರಡೂ ಕೈ ಕೊಟ್ಟು ಎಳೆದೆ. 'ಪಟಕ್' ಎಂದಿತು. ಸಡಿಲವಾಯಿತು ಎಂದು ಸಂತೋಷಪಟ್ಟು ನೋಡಿದರೆ ಬೋಲ್ಟು ಮುರಿದು, ನಟ್ಟು ಸ್ಪ್ಯಾನರಿನ ಜೊತೆ ಕೈಗೆ ಬಂದಿತ್ತು. ಕ್ಲ್ಯಾಂಪು ಮಾತ್ರ ಇದ್ದಲ್ಲೇ ಇತ್ತು.

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಆ ಕಡೆಯದು ಬರದಿದ್ದರೆ ಈ ಕಡೆಯದು ಬಿಚ್ಚೋಣ ಎಂದು ಸ್ಪ್ಯಾನರನ್ನು ಪ್ಲಸ್ ಕಡೆಗೆ ಹಾಕಿದೆ.

"ತಾತ, ಮೈನಸ್ ಮೊದಲು ಅಂತ ನೀವೇ ಹೇಳಿದ್ರಲ್ಲ?"

"ಸುಮ್ನಿರು, ನನಗೆ ಗೊತ್ತು" ಎಂದು ಗದರಿದೆ.

ಗದರಿದ ಬಾಯಿ ಮುಚ್ಚುವುದರೊಳಗೆ ಸ್ಪ್ಯಾನರಿನ ಇನ್ನೊಂದು ತುದಿ ಕಾರಿನ ಮೈಗೆ ತಾಗಿತು. 'ಚಟ್' ಎಂದು ಕಣ್ಣು ಕುಕ್ಕುವ ಕಿಡಿ. ಸ್ಪ್ಯಾನರ್ ಕೈಯಿಂದ ಹಾರಿ ನೆಲಕ್ಕೆ ಬಿತ್ತು. ಅದರ ತುದಿಯಲ್ಲಿ ಕಬ್ಬಿಣ ಕರಗಿ ಒಂದು ಸಣ್ಣ ಹಳ್ಳ ಬಿದ್ದಿತ್ತು. ಮೊಮ್ಮಗಳು ಒಂದು ಮೊಳ ದೂರದಲ್ಲಿದ್ದಳು. ನನ್ನ ಬೆರಳಿನಲ್ಲಿ ಮದುವೆಯ ಉಂಗುರವಿತ್ತು. ಸ್ಪ್ಯಾನರಿನ ಜಾಗದಲ್ಲಿ ಆ ಉಂಗುರ ತಾಗಿದ್ದರೆ ಬೆರಳು ಸುಟ್ಟೇ ಹೋಗುತ್ತಿತ್ತು. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಡುತ್ತದೆ, ಕಿಡಿ ತಾಗಿದರೆ ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಹಾರಬಹುದು. ಇದೆಲ್ಲ ನನಗೆ ತಿಳಿಯದ್ದಲ್ಲ. ನೆನಪಾದದ್ದು ಮಾತ್ರ ಕಿಡಿ ಹಾರಿದ ಮೇಲೆ. ಬಾನೆಟ್ ಮುಚ್ಚಿದೆ. ಕೈ ನಡುಗುತ್ತಿತ್ತು.

ಆಟೋದಲ್ಲಿ ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣಕ್ಕೆ ಹೋದೆವು. ಅಲ್ಲಿಂದ ಚಿಕ್ಕಪೇಟೆ, ಮೆಜೆಸ್ಟಿಕ್, ಮೂರನೆಯದೇ ಸಂಪಿಗೆ ರಸ್ತೆ. ಪರೀಕ್ಷೆಗೆ ಇನ್ನೂ ಅರ್ಧ ಗಂಟೆ ಇರುವಾಗಲೇ ಮಲ್ಲೇಶ್ವರ ತಲುಪಿದ್ದೆವು. ಇಷ್ಟಕ್ಕೆ ನಾನು ಅಷ್ಟು ಅವಸರ ಮಾಡಿದ್ದೆ.

ರೈಲಿನಲ್ಲಿ ಅವಳು ಮಾತಾಡದೆ ಕೂತಿದ್ದಳು. "ಪುಟ್ಟಿ, ನೀನು ಹೇಳಿದ್ದೇ ಸರಿ. ಗದರಬಾರದಿತ್ತು. ತಪ್ಪಾಯಿತು" ಎಂದೆ. ಎಪ್ಪತ್ತು ದಾಟಿದ ಮೇಲೆ ಮಗುವಿನ ಹತ್ತಿರ ಹಾಗೆ ಹೇಳುವುದು ಆ ತುಕ್ಕು ಹಿಡಿದ ಬೋಲ್ಟು ಬಿಚ್ಚುವಷ್ಟೇ ಕಷ್ಟ. ಅವಳು ಸ್ವಲ್ಪ ಯೋಚಿಸಿ, "ಮೈನಸ್ಸೇ ಯಾಕೆ ಮೊದಲು?" ಎಂದು ಕೇಳಿದಳು.

ಬ್ಯಾಂಕಿನ ಭಾಷೆಯಲ್ಲಿ ಹೇಳಿದೆ. ನಮ್ಮ ತಿಜೋರಿಗೆ ಎರಡು ಕೀಲಿ, ಇಬ್ಬರ ಹತ್ತಿರ. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಬ್ಯಾಟರಿಯೂ ಹಾಗೆ, ಎರಡು ತುದಿಗೂ ದಾರಿ ಇದ್ದರೆ ಮಾತ್ರ ವಿದ್ಯುತ್ ಹರಿಯುತ್ತದೆ. ಕಾರಿನ ಕಬ್ಬಿಣದ ಮೈ ಪೂರ್ತಿ ಮೈನಸ್ಸಿಗೆ ಸೇರಿದೆ. ಮೈನಸ್ ಇದ್ದಾಗಲೇ ಪ್ಲಸ್ಸಿಗೆ ಸ್ಪ್ಯಾನರ್ ಹಾಕಿ ಅದು ಮೈಗೆ ತಾಗಿದರೆ ಎರಡು ಕೀಲಿಯೂ ಒಟ್ಟಿಗೆ ತಿರುಗಿದ ಹಾಗೆ. ಮೈನಸ್ ತೆಗೆದಿಟ್ಟರೆ ಒಂದು ಕೀಲಿ ನಮ್ಮ ಜೇಬಿನಲ್ಲಿ. ಆಮೇಲೆ ಪ್ಲಸ್ಸಿಗೆ ಹಾಕಿದ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೂ ಭಯವಿಲ್ಲ.

"ಹಿಂದೆ ಬ್ಯಾಟರಿ ಇಲ್ಲದಿದ್ದಾಗ?" ಎಂದಳು. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಒಬ್ಬ ವಕೀಲರ ಕಾರಿಗೆ ಬೆಳಿಗ್ಗೆ ಬ್ಯಾಟರಿ ಸೋತರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು. ನಾವು ಹುಡುಗರೆಲ್ಲ ಸುತ್ತ ನಿಂತು ನೋಡುತ್ತಿದ್ದೆವು. ಎಂಜಿನ್ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂದಿತು. ಸೀಸ ಮತ್ತು ಆಮ್ಲದ ಬ್ಯಾಟರಿ ಇನ್ನೂ ಹಳೆಯದು, ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಅದನ್ನು ಮಾಡಿದ್ದು 1859ರಲ್ಲಿ. ನಮ್ಮ ಕಾರಿನದೂ ಅದೇ ಜಾತಿ: ಒಂದೊಂದು ಸುಮಾರು ಎರಡು ವೋಲ್ಟಿನ ಆರು ಕೋಣೆ, ಒಟ್ಟು ಹನ್ನೆರಡು.

ವಾಪಸ್ ಬರುವಾಗ ಕಲಾಸಿಪಾಳ್ಯದ ಕಡೆ ಒಂದು ಬ್ಯಾಟರಿ ಅಂಗಡಿಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ವಯಸ್ಸಾದ ಸಾಬರು ನಗಲಿಲ್ಲ. "ಸಾರ್, ಆ ಕಂಬ ಸೀಸದ್ದು, ಮೆತ್ತಗಿರತ್ತೆ. ಸುತ್ತಿಗೆ ಹಾಕಬೇಡಿ, ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ. ಕಂಬ ಅಲ್ಲಾಡಿದ್ರೆ ಬ್ಯಾಟರಿ ಹೋಯ್ತು ಅಂತ ತಿಳ್ಕೊಳಿ. ಬಿಸಿನೀರು, ಅಡುಗೆ ಸೋಡಾ. ಆಮೇಲೆ ಸುಮ್ನೆ ಕಾಯಿರಿ" ಎಂದರು. ಹೊಸ ಬೋಲ್ಟು, ನಟ್ಟು ಕೊಟ್ಟು, ಜೊತೆಗೆ ಸೈಕಲ್ ಟ್ಯೂಬಿನ ಒಂದು ತುಂಡನ್ನೂ ಕಟ್ಟಿಕೊಟ್ಟರು. ಅದು ಪ್ಲಸ್ ಕಡೆಗೆ ಮುಚ್ಚಲು.

ಸಂಜೆ ಉಂಗುರ, ಗಡಿಯಾರ ಬಿಚ್ಚಿಟ್ಟೆ. ಮೊಮ್ಮಗಳು ಈಜುವಾಗ ಹಾಕುವ ಕನ್ನಡಕ, ಅಜ್ಜಿಯ ರಬ್ಬರ್ ಕೈಗವಸು ಹಾಕಿಕೊಂಡು ಬಂದಳು. ಪ್ಲಸ್ಸಿಗೆ ಟ್ಯೂಬಿನ ಟೊಪ್ಪಿಗೆ ತೊಡಿಸಿದೆವು. ಸೋಡಾ ಬೆರೆಸಿದ ಬಿಸಿನೀರನ್ನು ಚಮಚದಲ್ಲಿ ಮೈನಸ್ ಕ್ಲ್ಯಾಂಪಿನ ಮೇಲೆ ಬಿಟ್ಟರೆ ಬುಸ್ಸೆಂದು ನೊರೆ ಬಂತು. ಸೋಡಾ ಆಮ್ಲವನ್ನು ಕೊಲ್ಲುತ್ತಿದೆ ಎಂದು ಅವಳೇ ಹೇಳಿದಳು. ನೊರೆ ನಿಲ್ಲುವವರೆಗೆ ಬಿಟ್ಟೆವು, ಒರೆಸಿದೆವು, ಎರಡು ತೊಟ್ಟು ಎಣ್ಣೆ ಹಾಕಿ ಕಾಫಿ ಕುಡಿದು ಬಂದೆವು.

ಬೋಲ್ಟು ಮುರಿದ ಮೇಲೆ ಕ್ಲ್ಯಾಂಪಿಗೆ ಬಿಗಿ ಎಲ್ಲಿಂದ ಬರಬೇಕು? ಹಿಡಿದುಕೊಂಡಿದ್ದದ್ದು ಬರೀ ಆ ಪುಡಿ. ಕ್ಲ್ಯಾಂಪಿನ ಸೀಳಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು ಮೆಲ್ಲನೆ ತಿರುವಿ ಬಾಯಿ ಅಗಲ ಮಾಡಿದೆ. ಎರಡು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಬೇಕು. ನನ್ನ ಬೆರಳಿಗೆ ಹಿಡಿತ ಸಾಲಲಿಲ್ಲ. "ನೀನು ಹಿಡಿ" ಎಂದೆ. ಒಂದು ಕೂದಲೆಳೆ ಎಡಕ್ಕೆ, ಒಂದು ಕೂದಲೆಳೆ ಬಲಕ್ಕೆ. ಅವಳು ತಾಳ ಹಾಕಿದ ಹಾಗೆ ತಿರುಗಿಸುತ್ತಾ ಹೋದಳು. ಹತ್ತು ನಿಮಿಷದ ಮೇಲೆ ಕ್ಲ್ಯಾಂಪು ತಾನಾಗಿ ಮೇಲೆದ್ದು ಬಂತು. ಮುರಿದ ತುಂಡನ್ನು ಮೊಳೆಯಿಂದ ಹಿಂದಕ್ಕೆ ತಟ್ಟಿದರೆ 'ಟಣ್' ಎಂದು ನೆಲಕ್ಕೆ ಬಿತ್ತು.

ಆಮೇಲೆ ಪ್ಲಸ್ ಬಿಚ್ಚಿ, ಎರಡನ್ನೂ ಉಪ್ಪುಕಾಗದದಿಂದ ಉಜ್ಜಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಕಟ್ಟಿ, ಮೇಲೆ ವ್ಯಾಸಲೀನ್ ಸವರಿದೆವು. ಕೀಲಿ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಹೊತ್ತಿಕೊಂಡಿತು.

ಮಕ್ಕಳೇ, ದೊಡ್ಡವರು ಜೊತೆಗಿಲ್ಲದೆ ಬ್ಯಾಟರಿ ಮುಟ್ಟಬೇಡಿ. ಅಜ್ಜಂದಿರೇ, ಪಕ್ಕದಲ್ಲಿ ನಿಂತ ಮಗು ಏನಾದರೂ ಹೇಳಿದರೆ ಸ್ಪ್ಯಾನರ್ ಕೆಳಗಿಟ್ಟು ಕೇಳಿ.

ಆ ಹಳ್ಳ ಬಿದ್ದ ಸ್ಪ್ಯಾನರನ್ನು ನಾನು ಎಸೆದಿಲ್ಲ. ಈಗ ಬಾನೆಟ್ ಎತ್ತುವ ಮೊದಲು ಮೊಮ್ಮಗಳು ಅದನ್ನು ನನ್ನ ಮುಂದೆ ಹಿಡಿದು, "ತಾತ, ಉಂಗುರ?" ಎನ್ನುತ್ತಾಳೆ. ನಾನು ತೆಗೆದು ಅವಳ ಕೈಗೆ ಕೊಡುತ್ತೇನೆ.