ಕಂಪ್ಯೂಟರಿಗೂ ನೀರು ಹಾಯಿಸಿದ ಬೇಸಿಗೆ

ನಮ್ಮ ರೂಮು ವಿಜಯನಗರದಲ್ಲಿ, ಮಾರುತಿ ಮಂದಿರದಿಂದ ಐದು ನಿಮಿಷದ ದಾರಿ. ಮೂರನೇ ಮಹಡಿ, ಅದರ ಮೇಲೆ ಬರೀ ತಾರಸಿ. ಇರುವವರು ಮೂವರು. ಒಬ್ಬ ಹಿರಿಯೂರು ಕಡೆಯವನು, ಒಬ್ಬ ಮಾಗಡಿ ಕಡೆಯವನು, ಇನ್ನೊಬ್ಬ ಕೆ.ಆರ್. ನಗರದವನು. ಗ್ರಾಮೀಣ ಪತ್ರಿಕೋದ್ಯಮ ಓದಿದ ನಾವು ಸದ್ಯಕ್ಕೆ ಊರಿನವರ ಮದುವೆ ವಿಡಿಯೊಗಳನ್ನು ಬೆಂಗಳೂರಿನಲ್ಲಿ ಕೂತು ಎಡಿಟ್ ಮಾಡಿ ಬಾಡಿಗೆ ಕಟ್ಟುತ್ತಿದ್ದೇವೆ. ಬಿಡುವಾದಾಗ ಹಳ್ಳಿ ಸುದ್ದಿಗಳಿಗೆ ದನಿ ಕೊಟ್ಟು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಬಿಡುತ್ತೇವೆ.

ತೊಂದರೆ ಶುರುವಾಗಿದ್ದೇ ಈ ರೆಕಾರ್ಡಿಂಗಿನಿಂದ. ನಮ್ಮ ಹಳೆ ಕಂಪ್ಯೂಟರಿನ ಫ್ಯಾನು ಎಷ್ಟು ಸದ್ದು ಮಾಡುತ್ತಿತ್ತೆಂದರೆ, ಊರಿಂದ ಒಬ್ಬರು ಫೋನ್ ಮಾಡಿ, "ಏನ್ರಪ್ಪಾ, ಹಿಟ್ಟಿನ ಮಿಲ್ಲಲ್ಲಿ ಕೂತು ಮಾತಾಡ್ತೀರಾ?" ಅಂದರು. ಮದುವೆ ಸೀಸನ್ನಿನಲ್ಲಿ ಮಧ್ಯಾಹ್ನ ಎರಡಕ್ಕೆ ಅದು ಬಿಸಿಯಾಗಿ ತಾನೇ ನಿಂತುಬಿಡುತ್ತಿತ್ತು. ಹೊಸದೊಂದು ಕಟ್ಟೋಣ, ನಾವೇ ಬಿಡಿ ಭಾಗ ತಂದು ಕಟ್ಟೋಣ, ಸದ್ದಿರಬಾರದು ಎಂದು ತೀರ್ಮಾನಿಸಿದೆವು. ಇದು 2024ರ ಫೆಬ್ರುವರಿ ಮಾತು.

ನೀರಿನ ಯೋಚನೆ ಹೇಗೆ ಬಂತು ಎಂದರೆ, ಹಿರಿಯೂರಿನವನು ಟ್ರ್ಯಾಕ್ಟರ್ ಓಡಿಸಿ ಬೆಳೆದವನು. ಬೈಕಿನ ಇಂಜಿನ್ ಗಾಳಿಗೇ ತಣಿಯುತ್ತದೆ, ಟ್ರ್ಯಾಕ್ಟರಿಗೆ ರೇಡಿಯೇಟರ್ ಬೇಕು, ಕಂಪ್ಯೂಟರಿಗೂ ರೇಡಿಯೇಟರ್ ಸಿಗುತ್ತದಂತೆ ಎಂದು ಅವನೇ ತೆಗೆದ ಮಾತು. ನಾವು ಕೊಳ್ಳಬೇಕೆಂದಿದ್ದ ಪ್ರೊಸೆಸರ್ ಇಂಟೆಲ್ ಐ7-12700ಕೆ. ಪೂರ್ತಿ ದುಡಿಯುವಾಗ ಅದು 190 ವ್ಯಾಟ್‌ವರೆಗೆ ಕರೆಂಟ್ ಎಳೆಯುತ್ತದೆ. ಹಳೆ ಕಾಲದ 100 ವ್ಯಾಟಿನ ಎರಡು ಬಲ್ಬಿನ ಬಿಸಿ ಹೆಬ್ಬೆರಳ ಉಗುರಿನಷ್ಟು ಜಾಗದಿಂದ ಹೊರಡುತ್ತದೆ ಎಂದುಕೊಳ್ಳಿ. ಆ ಬಿಸಿಯನ್ನು ಹೊರುವುದರಲ್ಲಿ ನೀರಿಗೆ ಸಾಟಿಯಿಲ್ಲ. ಒಂದು ಲೀಟರ್ ನೀರು ಹೊರುವಷ್ಟನ್ನು ಹೊರಲು ಮೂರು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಸುಮ್ಮನೆ ದೊಡ್ಡದೊಂದು ಗಾಳಿ ಕೂಲರ್ ಹಾಕಿದ್ದರೆ ಮೂರು ಸಾವಿರದಲ್ಲಿ ಮುಗಿಯುತ್ತಿತ್ತು, ಸದ್ದೂ ತಕ್ಕಮಟ್ಟಿಗೆ ಕಡಿಮೆಯಾಗುತ್ತಿತ್ತು. ನಮಗೆ ಆಸೆ ಹುಟ್ಟಿತ್ತು, ಅಷ್ಟೆ. ಪಂಪು, ಪೈಪು, ರೇಡಿಯೇಟರ್ ಎಲ್ಲ ಸೇರಿ ನೀರಿನ ಬಾಬ್ತಿಗೇ 21,000 ರೂಪಾಯಿ. ಒಟ್ಟು ಕಂಪ್ಯೂಟರ್ 85,000. ಅದರಲ್ಲಿ 20,000 ಮಾಗಡಿಯವನ ತಾಯಿ ಕೊಟ್ಟಿದ್ದು. ಡೇರಿಗೆ ಹಾಲು ಹಾಕಿ, ಇನ್ನೊಂದು ಹಸು ತರಲು ಎತ್ತಿಟ್ಟಿದ್ದ ದುಡ್ಡು. "ಕಂಪ್ಯೂಟರಿಗೆ" ಎಂದು ಹೇಳಿ ತಂದಿದ್ದ. ನೀರಿನ ಪೈಪಿಗೆ ಎಂದು ಹೇಳಿರಲಿಲ್ಲ.

ಅದೂ ಎಂಥ ವರ್ಷ! 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಮಾರ್ಚ್ ಬರುವ ಹೊತ್ತಿಗೆ ಬೆಂಗಳೂರಿನ ಬೋರ್‌ವೆಲ್ಲುಗಳು ಒಂದೊಂದಾಗಿ ನಿಂತವು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಕಟ್ಟಡದ ಬೋರ್ ಕೂಡ ಬತ್ತಿತ್ತು. ಕಾವೇರಿ ನೀರು ದಿನ ಬಿಟ್ಟು ದಿನ, ಉಳಿದಿದ್ದು ಟ್ಯಾಂಕರ್. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ಏರಿಸಿದ ನೀರು ಅದು. ಅಂಥ ಹೊತ್ತಿನಲ್ಲಿ ನಾವು ಪೈಪು ಹಿಡಿದು ಮೆಟ್ಟಿಲು ಹತ್ತುವುದನ್ನು ಕಂಡು ಓನರ್ ಆಂಟಿ ಕೇಳಿದರು, "ಏನ್ರೋ ಅದು, ರೂಮಿಗೆ ಬೇರೆ ಲೈನ್ ಎಳೀತಿದ್ದೀರಾ?" ಕಂಪ್ಯೂಟರಿಗೆ ಎಂದಾಗ ಅವರು ಏನೂ ಹೇಳಲಿಲ್ಲ. ಸುಮ್ಮನೆ ನೋಡಿದರು. ಆ ನೋಟ ಬೈಗುಳಕ್ಕಿಂತ ಕಷ್ಟ.

ಭಾಗಗಳನ್ನು ಎಸ್.ಪಿ. ರೋಡಿನಿಂದ ತಂದೆವು. ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದರೆ ಸಿಗುತ್ತದೆ. ಬೆಂಗಳೂರಿನ ಕಂಪ್ಯೂಟರ್ ಸಂತೆ ಅಂದರೆ ಅದೇ. ಹಳೆ ಕ್ಯಾಬಿನೆಟ್ ಮಾತ್ರ ಕೆಂಗೇರಿ ಉಪನಗರದ ಒಬ್ಬರ ಹತ್ತಿರ ಅಗ್ಗಕ್ಕೆ ಸಿಕ್ಕಿತು. ಬಿಎಂಟಿಸಿ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದಕ್ಕೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದರು. ತಂದ ಮೇಲೆ ನೋಡಿದರೆ 360 ಮಿಲಿಮೀಟರ್ ಉದ್ದದ ರೇಡಿಯೇಟರ್ ಅದರೊಳಗೆ ಕೂರುವುದಿಲ್ಲ. ಹೊರಗೆ, ತಲೆ ಮೇಲೆ ಕೂರಿಸಲು ಒಂದು ತಗಡಿನ ಪಟ್ಟಿ ಮಾಡಿಸಬೇಕಾಯಿತು. ಹಾಗೆ ಹೋಗಿದ್ದು ಕಾಮಾಕ್ಷಿಪಾಳ್ಯಕ್ಕೆ.

ಬಸವೇಶ್ವರನಗರದ ಪಕ್ಕದ ಕಾಮಾಕ್ಷಿಪಾಳ್ಯ ನೋಡದವರಿಗೆ ಹೇಳಬೇಕು. ಬೀದಿಗಟ್ಟಲೆ ಲೇತ್ ಶೆಡ್ಡುಗಳು. ಶಟರ್ ತೆಗೆದರೆ ಕಬ್ಬಿಣದ ವಾಸನೆ, ಕಾಲ ಕೆಳಗೆ ಸುರುಳಿ ಸುರುಳಿ ಕಬ್ಬಿಣದ ಚೂರು. ನಮಗೆ ಸಿಕ್ಕಿದವರು ಗುಬ್ಬಿ ಕಡೆಯಿಂದ ಬಂದು ಅಲ್ಲೇ ಬದುಕು ಕಟ್ಟಿಕೊಂಡ ಹಿರಿಯರು. ಕಬ್ಬಿಣ ಕೊರೆಯುವಾಗ ಟೂಲ್ ಮೇಲೆ ಹಾಲಿನ ಬಣ್ಣದ ನೀರು ಸುರಿಯುತ್ತಲೇ ಇತ್ತು. ಎಣ್ಣೆ ಬೆರೆಸಿದ ನೀರು, ಕೂಲೆಂಟ್ ಅನ್ನುತ್ತಾರೆ. ನಮ್ಮ ಕಥೆ ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಬಿಸಿ ಆಗೋದಕ್ಕೆಲ್ಲ ನೀರು ಬೇಕೇ ಬೇಕಲ್ಲಪ್ಪಾ" ಅಂದರು.

ಆಮೇಲೆ ರೇಡಿಯೇಟರನ್ನು ಕೈಯಲ್ಲಿ ತೂಗಿ ನೋಡಿ, "ಇದ್ಯಾವ ಲೋಹ?" ಅಂದರು.

"ತಾಮ್ರ, ಯಜಮಾನ್ರೇ. ಅಂಗಡೀಲಿ ಹಂಗೇ ಅಂದ್ರು."

ಅವರು ಅರ ತೆಗೆದುಕೊಂಡು ಮೂಲೆಯ ಕಪ್ಪು ಬಣ್ಣವನ್ನು ಚೂರು ಉಜ್ಜಿದರು. ಬೆಳ್ಳಗೆ ಹೊಳೆಯಿತು. "ತಾಮ್ರದ್ದಾದ್ರೆ ಈ ಜಾಗದಲ್ಲಿ ಹಿತ್ತಾಳೆ ಹಾಕಿರ್ತಾರೆ, ಹಳದಿ ಬರಬೇಕಿತ್ತು. ಇದು ಅಲ್ಯುಮಿನಿಯಂ ಕಣ್ರಪ್ಪಾ. ನಿಮ್ ಇನ್ನೊಂದು ಸಾಮಾನು ತಾಮ್ರದ್ದು ತಾನೆ? ಎರಡನ್ನೂ ಒಂದೇ ನೀರಲ್ಲಿ ಬಿಟ್ರೆ ಬ್ಯಾಟರಿ ಆಗ್ತದೆ. ಅಲ್ಯುಮಿನಿಯಂ ತಿಂದು ಹೋಗ್ತದೆ."

ಹೌದು, ಪ್ರೊಸೆಸರಿನ ಮೇಲೆ ಕೂರುವ ಬಿಲ್ಲೆ ತಾಮ್ರದ್ದೇ. ಹಾಗೇ ಜೋಡಿಸಿದ್ದರೆ ನಿಧಾನಕ್ಕೆ ರೇಡಿಯೇಟರ್ ತೂತು ಬಿದ್ದು, ತುಕ್ಕಿನ ಪುಡಿ ಬಿಲ್ಲೆಯೊಳಗಿನ ಕೂದಲೆಳೆಯಂಥ ಸಂದುಗಳಲ್ಲಿ ಕಟ್ಟಿಕೊಳ್ಳುತ್ತಿತ್ತು. ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಂಡು ಹೊರಟೆವು. ದಾರಿಯಲ್ಲಿ ಡಬ್ಬಿ ತಿರುಗಿಸಿ ನೋಡಿದರೆ ಸಣ್ಣಕ್ಷರದಲ್ಲಿ ಅಲ್ಯುಮಿನಿಯಂ ಎಂದು ಬರೆದೇ ಇತ್ತು. ಪತ್ರಿಕೋದ್ಯಮ ಓದಿದ ಮೂವರಲ್ಲಿ ಒಬ್ಬನೂ ಓದಿರಲಿಲ್ಲ. ಮೇಲೆ 3,200 ಕೊಟ್ಟು ತಾಮ್ರದ್ದಕ್ಕೆ ಬದಲಾಯಿಸಿಕೊಂಡೆವು. ಉಜ್ಜಿದ ಗುರುತು ಕಂಡು ಅವನೂ ನಾಲ್ಕು ಮಾತು ಆಡಿದ, ನಾವು ಕೇಳಿಸಿಕೊಂಡೆವು.

ಜೋಡಿಸುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಪಂಪಿನಿಂದ ಹೊರಟ ನೀರು ಬಿಲ್ಲೆಗೆ, ಬಿಲ್ಲೆಯಿಂದ ರೇಡಿಯೇಟರಿಗೆ, ಅಲ್ಲಿಂದ ಸಣ್ಣ ಟ್ಯಾಂಕಿಗೆ, ಮತ್ತೆ ಪಂಪಿಗೆ. ಹೊಲದ ಡ್ರಿಪ್ಪಿನ ಲೈನಿದ್ದಂತೆ, ಆದರೆ ನೀರು ಎಲ್ಲೂ ಹೊರಗೆ ಬರಬಾರದು. ಕನೆಕ್ಟರುಗಳ ಮರೆ ಕೂಡ ಪ್ಲಂಬರುಗಳು ಬಳಸುವ ಕಾಲಿಂಚಿನ ಅಳತೆಯದೇ. ಇದನ್ನು ಕಂಡು ಹಿರಿಯೂರಿನವನಿಗೆ ಎಲ್ಲಿಲ್ಲದ ಧೈರ್ಯ ಬಂತು. ಅಲ್ಲೇ ಎಡವಿದೆವು.

ಊರಲ್ಲಿ ಪೈಪಿಗೆ ಮಾಡುವ ಹಾಗೆ ಅವನು ಮರೆಗೆ ಟೆಫ್ಲಾನ್ ಟೇಪ್ ಸುತ್ತಿ ಸ್ಪ್ಯಾನರ್ ಹಾಕಿ ತಿರುಗಿಸಿದ. ಇದಕ್ಕೆ ಟೇಪ್ ಬೇಡ. ಒಳಗೆ ರಬ್ಬರ್ ಉಂಗುರ ಇರುತ್ತದೆ, ಕೈಯಲ್ಲಿ ಬಿಗಿ ಮಾಡಿದರೆ ಸಾಕು. ಟ್ಯಾಂಕು ಕಬ್ಬಿಣದ್ದಲ್ಲ, ಗಾಜಿನಂಥ ಅಕ್ರಿಲಿಕ್. ಬಿರುಕು ಬಿಟ್ಟಿದ್ದು ಆಗ ಕಾಣಲಿಲ್ಲ.

ನೀರು ತುಂಬಿದ್ದು ಒಂದು ಶನಿವಾರ ರಾತ್ರಿ. ನಲ್ಲಿ ನೀರು, ಬೋರ್ ನೀರು ಆಗುವುದಿಲ್ಲ. ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಇಲ್ಲೂ ಕಟ್ಟುತ್ತದೆ. ಹಾಗಾಗಿ ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾಚಿ ಮತ್ತು ತುಕ್ಕು ಹಿಡಿಯದಂತೆ ಬೆರೆಸುವ ಒಂದು ಸಣ್ಣ ಬಾಟಲಿ ಔಷಧ. ಒಟ್ಟು ಒಂದು ಲೀಟರಿಗೂ ಕಡಿಮೆ. ಮದರ್‌ಬೋರ್ಡಿಗೆ ಕರೆಂಟ್ ಕೊಡದೆ ಪಂಪನ್ನಷ್ಟೇ ಓಡಿಸಬೇಕು. ಅದಕ್ಕೆ ಪವರ್ ಸಪ್ಲೈನ ದೊಡ್ಡ ಪ್ಲಗ್ಗಿನಲ್ಲಿ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿದೆವು. ಗುಳುಗುಳು ಸದ್ದು. ಒಳಗಿನ ಗಾಳಿ ಹೊರಡಲೆಂದು ಕ್ಯಾಬಿನೆಟ್ಟನ್ನು ಇಬ್ಬರು ಹಿಡಿದು ತೊಟ್ಟಿಲು ತೂಗಿದಂತೆ ತೂಗಿದೆವು. ಇಡೀ ದಿನ ಹೀಗೇ ಓಡಲಿ ಎಂದು ಕೀಲುಗಳ ಕೆಳಗೆಲ್ಲ ಟಿಶ್ಯೂ ಪೇಪರ್ ಹಾಸಿ ಮಲಗಿದೆವು.

ಎರಡೂವರೆಗೆ ಕೆ.ಆರ್. ನಗರದವನು ನೀರು ಕುಡಿಯಲು ಎದ್ದವನು ಕೂಗಿದ. ಟಿಶ್ಯೂ ಒದ್ದೆ. ಟ್ಯಾಂಕಿನ ಕುತ್ತಿಗೆಯಿಂದ ಹನಿ ಹನಿಯಾಗಿ ಇಳಿದ ನೀರು ಮದರ್‌ಬೋರ್ಡಿನ ಮೇಲೆ ಸಣ್ಣ ಕೆರೆ ಮಾಡಿತ್ತು. ಆ ಬೋರ್ಡೊಂದೇ 14,000.

ಶುದ್ಧ ನೀರಿನಲ್ಲಿ ಕರೆಂಟ್ ಹರಿಯುವುದು ತೀರಾ ಕಡಿಮೆ ಎನ್ನುತ್ತಾರೆ. ಆದರೆ ಲೋಹ ಮುಟ್ಟಿ, ಔಷಧ ಬೆರೆತ ಮೇಲೆ ಅದು ಶುದ್ಧ ನೀರಾಗಿ ಉಳಿದಿರುವುದಿಲ್ಲ. ಬೋರ್ಡಿಗೆ ಕರೆಂಟ್ ಕೊಟ್ಟಿರಲಿಲ್ಲ ಎಂಬುದೊಂದೇ ಆಸೆ. ಎಲ್ಲ ಬಿಚ್ಚಿ, ಒರೆಸಿ, ಫ್ಯಾನಿನ ಕೆಳಗೆ ಇಟ್ಟೆವು. ಯಾರೂ ಯಾರನ್ನೂ ಬೈಯಲಿಲ್ಲ. ಹಿರಿಯೂರಿನವನು ಬೆಳಗಾಗುವವರೆಗೂ ಗೋಡೆಗೊರಗಿ ಕೂತಿದ್ದ.

ಬೆಳಿಗ್ಗೆ ಮಾಗಡಿಯವನು ಮನೆಗೆ ಫೋನ್ ಮಾಡಿ ನಡೆದಿದ್ದನ್ನೆಲ್ಲ ಹೇಳಿಬಿಟ್ಟ. ಸ್ಪೀಕರ್ ಹಾಕಿದ್ದ, ನಾವೂ ಕೇಳಿದೆವು. "ಇಲ್ಲಿ ಸೀಮೆಹುಲ್ಲು ಒಣಗ್ತಾ ಐತೆ, ಹಸಕ್ಕೆ ಕುಡ್ಸೋಕೆ ನೀರಿಲ್ಲ, ನೀನು ಮಿಷನ್ನಿಗೆ ನೀರು ಕುಡಿಸ್ತಾ ಇದ್ದೀಯಾ?" ಎಂದು ಚೆನ್ನಾಗಿಯೇ ಬೈದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊಬೈಲು ನೀರಿಗೆ ಬಿದ್ರೆ ಅಕ್ಕಿ ಡಬ್ಬಕ್ಕೆ ಹಾಕ್ತಾರಲ್ಲ, ಇದನ್ನೂ ಹಾಕು" ಅಂದರು. ಅಕ್ಕಿಗಿಂತ ಫ್ಯಾನಿನ ಗಾಳಿಯೇ ವಾಸಿ ಎಂದು ಹೇಳುವ ಧೈರ್ಯ ನಮಗಾಗಲಿಲ್ಲ. "ಸರಿ ಕಣಮ್ಮ" ಅಂದ.

ಬಿರುಕು ಬಿಟ್ಟ ಟ್ಯಾಂಕ್ ಹಿಡಿದು ಮತ್ತೆ ಕಾಮಾಕ್ಷಿಪಾಳ್ಯಕ್ಕೆ ಹೋದೆವು. ಹೊಸದಕ್ಕೆ ನಮ್ಮ ಹತ್ತಿರ ದುಡ್ಡಿರಲಿಲ್ಲ. ಯಜಮಾನರು ಶೆಡ್ಡಿನ ಮೂಲೆಯಿಂದ ದಪ್ಪ ಅಕ್ರಿಲಿಕ್ ತುಂಡೊಂದನ್ನು ಹುಡುಕಿ, ಲೇತಿಗೆ ಕಟ್ಟಿ, ಹೊಸ ಮುಚ್ಚಳವನ್ನೇ ಕಡೆದು ಕಾಲಿಂಚಿನ ಮರೆ ಹಾಕಿಕೊಟ್ಟರು. ನೀರು ತುಂಬುವ ಮೊದಲು ಗಾಳಿ ತುಂಬಿ ನೋಡಬೇಕಿತ್ತು ಎಂಬುದನ್ನೂ ಅವರೇ ಹೇಳಿದ್ದು. ಮೀಟರ್ ಇರುವ ಸೈಕಲ್ ಪಂಪಿನಲ್ಲಿ ಒಂಚೂರೇ ಗಾಳಿ ಹಾಕಿ, ಅರ್ಧ ಗಂಟೆ ಬಿಟ್ಟು, ಮುಳ್ಳು ಇಳಿಯಿತೋ ಇಲ್ಲವೋ ನೋಡುವುದು. ಇಳಿಯದಿದ್ದರೆ ಸೋರುವುದಿಲ್ಲ. ಪಂಕ್ಚರ್ ಅಂಗಡಿಯ ಬುದ್ಧಿ, ನಮಗೆ ಹೊಳೆದಿರಲಿಲ್ಲ. 200 ರೂಪಾಯಿ ತೆಗೆದುಕೊಂಡರು. ನಿಮ್ಮ ಬಗ್ಗೆ ಬರೀತೀವಿ ಅಂದಾಗ, "ಹೆಸರು ಗಿಸರು ಹಾಕ್ಬೇಡಿ, ಆಮೇಲೆ ಎಲ್ರೂ 200ಕ್ಕೇ ಕೇಳ್ತಾರೆ" ಅಂದರು. ಹಾಕಿಲ್ಲ.

ಮೂರು ದಿನ ಒಣಗಿಸಿದ ಬೋರ್ಡಿಗೆ ಕರೆಂಟ್ ಕೊಟ್ಟಾಗ ಸ್ವಿಚ್ ಒತ್ತಿದ್ದು ಹಿರಿಯೂರಿನವನ ಕೈಯಲ್ಲೇ. ಪರದೆ ಬೆಳಗಿತು.

ಅರ್ಧ ಗಂಟೆ ವಿಡಿಯೊ ಎಡಿಟ್ ಮಾಡಿ ಪೈಪುಗಳನ್ನು ಮುಟ್ಟಿ ನೋಡಿದೆವು. ರೇಡಿಯೇಟರಿಗೆ ಹೋಗುವ ಪೈಪೂ, ಅಲ್ಲಿಂದ ಬರುವ ಪೈಪೂ ಒಂದೇ ಬೆಚ್ಚಗೆ! ಕೆಲಸ ಮಾಡುತ್ತಿಲ್ಲ ಎಂದು ಮತ್ತೆ ಎದೆ ಧಸಕ್ಕೆಂದಿತು. ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. ನಿಮಿಷಕ್ಕೆ ಒಂದು ಲೀಟರ್ ಹರಿದರೂ 190 ವ್ಯಾಟ್ ಬಿಸಿಗೆ ನೀರು ಮೂರು ಡಿಗ್ರಿಯೂ ಏರುವುದಿಲ್ಲ. ಅಷ್ಟು ವ್ಯತ್ಯಾಸ ಕೈಗೆ ತಿಳಿಯುವುದು ಕಷ್ಟ. ಪ್ರೊಸೆಸರ್ 78 ಡಿಗ್ರಿಯಲ್ಲಿ ನಿಂತಿತ್ತು. ಅದರ ಮಿತಿ 100.

ಇನ್ನೊಂದು ವಿಷಯ ಯಾರೂ ಮೊದಲು ಹೇಳಿರಲಿಲ್ಲ. ನೀರು ಬಿಸಿಯನ್ನು ಎಲ್ಲಿಗೆ ಒಯ್ಯುತ್ತದೆ? ರೇಡಿಯೇಟರಿಗೆ. ರೇಡಿಯೇಟರ್ ಎಲ್ಲಿಗೆ ಬಿಡುತ್ತದೆ? ನಮ್ಮ ರೂಮಿಗೇ. ಕಂಪ್ಯೂಟರ್ ತಣ್ಣಗಾಯಿತು, ನಾವು ಬೆಂದೆವು. ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಇತ್ತು. ಆ ತಾರಸಿಯ ಕೆಳಗೆ ಮೂವರು ಬನಿಯನ್ನಿನಲ್ಲಿ ಕೂತು ಮದುವೆಯ ಆರತಕ್ಷತೆ ಎಡಿಟ್ ಮಾಡಿದೆವು. ರೂಮಿನ ಬಿಸಿಗಿಂತ ಕೆಳಗೆ ಯಾವ ರೇಡಿಯೇಟರೂ ನೀರನ್ನು ಇಳಿಸಲಾರದು. ಈಗ ಅದನ್ನು ಕಿಟಕಿಯ ಪಕ್ಕಕ್ಕೆ, ಗಾಳಿ ಹೊರಗೆ ಹೋಗುವಂತೆ ತಿರುಗಿಸಿ ಇಟ್ಟಿದ್ದೇವೆ.

ಸದ್ದು ಮಾತ್ರ ನಿಜವಾಗಿಯೂ ಹೋಯಿತು. ಮೊದಲ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಮಾತಿನ ಹಿಂದೆ ಏನೋ ಗುಯ್ಯೆನ್ನುತ್ತಿತ್ತು. ಪಂಪೇ ಇರಬೇಕೆಂದು ಹುಡುಕಿದೆವು. ಪಂಪಲ್ಲ. ಕೆಳಗೆ ಬೀದಿಯಲ್ಲಿ ಟ್ಯಾಂಕರಿನವನು ಸಂಪಿಗೆ ನೀರು ಬಿಡುತ್ತಿದ್ದ ಮೋಟಾರು. ಈಗ ಟ್ಯಾಂಕರ್ ಹೋದ ಮೇಲೆ ಮೈಕ್ ಆನ್ ಮಾಡುತ್ತೇವೆ.

ಹಾಲಿನ ದುಡ್ಡಿನಲ್ಲಿ 12,000 ಮಾಗಡಿಗೆ ವಾಪಸ್ ಹೋಗಿದೆ. ಇನ್ನು 8,000 ಬಾಕಿ.